ಸಮ್ರೀನ ಕಟ್ಟಿದ ಮೂಗು

ನಮ್ಮ ತಿಕೋಟಾದಲ್ಲಿ ಹುಟ್ಟಿದಾಗಿನಿಂದ ವಾಸನೆ ಎಂದರೇನೆಂದೇ ಗೊತ್ತಿಲ್ಲದ ಹುಡುಗಿಯೊಬ್ಬಳಿದ್ದಾಳೆ. ಅವಳೇ ಒಂದು ಮೂಗು ಕಟ್ಟಿದ್ದಾಳೆ. ಇದನ್ನು ನಾನು ಯಾರಿಗೆ ಹೇಳಿದರೂ ಮೊದಲು ನಗುತ್ತಾರೆ. ನಗಲಿ. ಆ ಶನಿವಾರ ಬೆಳಿಗ್ಗೆ ನಮ್ಮ ಶೆಡ್ಡಿನ ಅಂಗಳದಲ್ಲಿ ನಿಂತಿದ್ದವರು ಯಾರೂ ಈಗ ನಗುವುದಿಲ್ಲ, ನನ್ನ ಗಂಡನಂತೂ ಆ ಮಾತು ಬಂದರೆ ಎದ್ದು ನೀರು ಕುಡಿಯಲು ಹೋಗುತ್ತಾರೆ.

ನಾನು ನಂದಾ. ತಿಕೋಟಾದಿಂದ ವಿಜಯಪುರಕ್ಕೆ ಹೋಗುವ ರಸ್ತೆಯ ಬದಿಗೆ ನಮ್ಮ ದ್ರಾಕ್ಷಿ ತೋಟ, ಅದಕ್ಕೆ ಹತ್ತಿಕೊಂಡೇ ಒಣದ್ರಾಕ್ಷಿ ಮಾಡುವ ಶೆಡ್. ಗೊಂಚಲುಗಳನ್ನು ಎಣ್ಣೆ ಬೆರೆಸಿದ ನೀರಿನಲ್ಲಿ ಅದ್ದಿ, ಬಲೆಗಳ ಮೇಲೆ ಹರವಿ, ಗಾಳಿಗೆ ಒಣಗಿಸುತ್ತೇವೆ. ಒಣಗಿದ ಮೇಲೆ ಬಂಗಾರದ ಬಣ್ಣ ಬರಲಿ, ಹುಳ ಹತ್ತದಿರಲಿ ಎಂದು ಮುಚ್ಚಿದ ಕೋಣೆಯಲ್ಲಿಟ್ಟು ಗಂಧಕ ಸುಟ್ಟು ಹೊಗೆ ಕೊಡುತ್ತೇವೆ. ಆ ಗಂಧಕದ ಗ್ಯಾಸು ಕೆಟ್ಟದ್ದು. ಅದು ಪೂರ್ತಿ ಹೊರಗೆ ಹೋಗುವ ಮೊದಲು ಒಳಗೆ ಕಾಲಿಟ್ಟರೆ ಗಂಟಲು ಕಟ್ಟಿ, ಎದೆ ಹಿಡಿದು, ಮನುಷ್ಯ ಅಲ್ಲೇ ಕುಸಿಯಬಹುದು. ಅದಕ್ಕೇ ಗಂಧಕದ ಕೋಣೆಯ ಬಾಗಿಲು ಯಾವಾಗ ತೆಗೆಯಬೇಕೆಂದು ಹೇಳುವ ಹಕ್ಕು ಶೆಡ್ಡಿನಲ್ಲಿ ಒಬ್ಬರಿಗೇ ಇರುತ್ತದೆ. ನಮ್ಮಲ್ಲಿ ಅದು ನಾನು ಹೇಳಿದ ಆ ಹುಡುಗಿ ಸಮ್ರೀನಳ ತಂದೆ ಬುಡ್ಡೇಸಾಬನದಾಗಿತ್ತು.

ಬುಡ್ಡೇಸಾಬನಿಗೆ ತನ್ನದೇ ಒಂದು ಪದ್ಧತಿ ಇತ್ತು. ಗಂಧಕಕ್ಕೆ ಬೆಂಕಿ ಹಚ್ಚುವ ಮೊದಲು ಕೆಂಡದ ಮೇಲೆ ಲೋಬಾನ ಉದುರಿಸಿ, ಬಾಗಿಲ ಚೌಕಟ್ಟಿಗೆಲ್ಲ ಅದರ ಹೊಗೆ ತೋರಿಸಿ, ಬಿಸ್ಮಿಲ್ಲಾ ಎಂದು ಒಳಗೆ ಹೋಗುತ್ತಿದ್ದ. ಅದೇ ಬಾಗಿಲಿಗೆ ನನ್ನ ಗಂಡ ಈರಯ್ಯ ವಿಭೂತಿ ಹಚ್ಚುತ್ತಿದ್ದರು. ಒಂದೇ ಬಾಗಿಲಿಗೆ ಎರಡೂ ಕಡೆಯ ಕಾವಲು. ಮರುದಿನ ಬೆಳಿಗ್ಗೆ ಕಿಂಡಿಗಳನ್ನು ತೆಗೆದು ಗಾಳಿಯಾಡಿಸಿ, ಬುಡ್ಡೇಸಾಬ ಬಾಗಿಲ ಸಂದಿಗೆ ಮೂಗು ಹಿಡಿದು ‘ಹೋಗ್ರಿ’ ಎಂದ ಮೇಲೆಯೇ ಹೆಣ್ಣುಮಕ್ಕಳು ಒಳಗೆ ಹೋಗಿ ಟ್ರೇ ಎತ್ತುತ್ತಿದ್ದರು.

ಕಳೆದ ಹಂಗಾಮಿನಲ್ಲಿ ಒಂದು ದಿನ ಆತ ಹೋಗ್ರಿ ಎಂದ. ನಮ್ಮ ಹಳೆಯ ಕೆಲಸದವಳು ಮುರಿಗೆವ್ವ ಎಲ್ಲರಿಗಿಂತ ಮೊದಲು ಕಾಲಿಟ್ಟಳು, ಟ್ರೇ ಮುಟ್ಟುವ ಮೊದಲೇ ಕೆಮ್ಮುತ್ತ ಬಿದ್ದಳು. ಸೆರಗಿನಿಂದ ಮೂಗು ಮುಚ್ಚಿಕೊಂಡು ನಾನೇ ಅವಳನ್ನು ಎಳೆದು ತಂದೆ. ವಿಜಯಪುರದ ದವಾಖಾನೆ ಮುಟ್ಟುವವರೆಗೆ ನನ್ನ ಜೀವದಲ್ಲಿ ಜೀವ ಇರಲಿಲ್ಲ. ಪುಣ್ಯಕ್ಕೆ ಉಳಿದಳು. ಆಮೇಲೆ ತಿಳಿದದ್ದು, ಕೊರೋನಾ ಬಂದು ಹೋದಾಗಿನಿಂದ ಬುಡ್ಡೇಸಾಬನ ಮೂಗು ಮಂದವಾಗಿತ್ತು. ಮೊದಲಿನಂತೆ ಆಗಿದೆ ಎಂದು ಆತ ಮನಸಾರೆ ನಂಬಿಕೊಂಡಿದ್ದ. ಅವತ್ತೇ ಸಂಜೆ ಗಂಧಕದ ಕೋಣೆಯ ಕೀಲಿ ತಂದು ನಮ್ಮ ಕಟ್ಟೆಯ ಮೇಲಿಟ್ಟು ಹೋಗಿಬಿಟ್ಟ. ನನಗೆ ಸಿಟ್ಟು ಬಂದಿತ್ತು ನಿಜ, ಆದರೆ ಆ ಬೆನ್ನು ನೋಡಿ ಅಳು ಬಂತು.

ಆ ಕೀಲಿಯ ಜವಾಬ್ದಾರಿ ಹೊರಲು ಯಾರೂ ಮುಂದೆ ಬರಲಿಲ್ಲ. ನನ್ನ ಗಂಡ ಮಾತ್ರ, ಇದೇನು ದೊಡ್ಡ ಮಾತು ಎಂದು ಪೇಟೆಯಿಂದ ಒಂದು ಗ್ಯಾಸ್ ಅಲಾರಂ ತಂದು ಬಾಗಿಲಿಗೆ ಜಡಿದರು. ಅದು ಗಂಧಕಕ್ಕೂ ಒದರಿತು, ಅದ್ದುವ ಎಣ್ಣೆಗೂ ಒದರಿತು, ಕೊಳೆತ ದ್ರಾಕ್ಷಿಗೂ ಒದರಿತು. ಟ್ರ್ಯಾಕ್ಟರ್ ಹೊಗೆ ಬಿಟ್ಟರೂ, ಕೆಲಸದವರು ಒಗ್ಗರಣೆ ಹಾಕಿದರೂ ಅದರದು ಒಂದೇ ಹಾಡು. ಕೊನೆಗೆ ಅದನ್ನು ಕಿತ್ತು ಗೋಣಿಚೀಲದಲ್ಲಿ ಕಟ್ಟಿ ಮೂಲೆಗೆ ಎಸೆದರು. ಚೀಲದೊಳಗಿಂದಲೂ ಕೆಲವು ದಿನ ಒದರಿ, ಬ್ಯಾಟರಿ ಮುಗಿದ ಮೇಲೆ ಸುಮ್ಮನಾಯಿತು.

ಇನ್ನು ಸಮ್ರೀನಳ ಮಾತಿಗೆ ಬರುತ್ತೇನೆ. ಸಣ್ಣವಳಿದ್ದಾಗ ಅವಳ ತಾಯಿ ಮದೀನಾಬಿ ಒಲೆಯ ಮೇಲೆ ಹಾಲಿಟ್ಟು, ನೋಡಿಕೋ ಎಂದು ಹೇಳಿ ನೀರಿಗೆ ಹೋಗಿದ್ದಳು. ಬಂದು ನೋಡಿದರೆ ಹಾಲು ತಳ ಹತ್ತಿ ಓಣಿಗೆಲ್ಲ ವಾಸನೆ ಹರಡಿದೆ, ಒಲೆಗೆ ಬೆನ್ನು ಮಾಡಿ ಕೂತ ಮಗಳು ಆರಾಮಾಗಿ ಪುಸ್ತಕ ಓದುತ್ತಿದ್ದಾಳೆ. ಬೆನ್ನಿಗೆ ಎರಡು ಬಿದ್ದವು. ಅದಾದ ಮೇಲೆಯೇ ವಿಷಯ ಹೊರಬಿತ್ತು. ಡಾಕ್ಟರು ನೋಡಿ, ಮೂಗಿಗೇನೂ ಆಗಿಲ್ಲ, ವಾಸನೆಯ ಸುದ್ದಿ ಮೆದುಳಿಗೆ ಮುಟ್ಟುತ್ತಿಲ್ಲ, ಹುಟ್ಟಾ ಹೀಗೇ ಇದೆ ಎಂದರು. ಅಲ್ಲಿಯವರೆಗೆ ಆ ಹುಡುಗಿ ವಾಸನೆ ಎಂಬುದು ದೊಡ್ಡವರು ಆಡುವ ಆಟ ಎಂದು ತಿಳಿದಿದ್ದಳಂತೆ. ಎಲ್ಲರ ಮುಖ ನೋಡುತ್ತಿದ್ದಳು. ಮಲ್ಲಿಗೆ ಬಂದಾಗ ಎಲ್ಲರೂ ಮುಖ ಅರಳಿಸಿದರೆ ತಾನೂ ಅರಳಿಸುತ್ತಿದ್ದಳು, ಗಟಾರದ ಹತ್ತಿರ ಎಲ್ಲರೂ ಮೂಗು ಮುರಿದರೆ ಸ್ವಲ್ಪ ತಡವಾಗಿ ತಾನೂ ಮುರಿಯುತ್ತಿದ್ದಳು. ದೊಡ್ಡವಳಾದ ಮೇಲೂ ಆ ರೂಢಿ ಹೋಗಲಿಲ್ಲ. ಪುಲಾವಿನ ಡಬರಿಯ ಮುಚ್ಚಳ ತೆಗೆದರೆ ಅವಳು ಪುಲಾವು ನೋಡುವುದಿಲ್ಲ, ನಮ್ಮ ಮುಖ ನೋಡುತ್ತಾಳೆ.

ಕೈ ಮಾತ್ರ ಬಹಳ ಚುರುಕು. ತಿಕೋಟಾದಿಂದ ದಿನಾ ಬಸ್ಸಿಗೆ ಹೋಗಿ ವಿಜಯಪುರದಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿದಳು. ಅಲ್ಲಿಯೇ ಒಂದು ಇಂಜಿನಿಯರಿಂಗ್ ಕಾಲೇಜಿನ ಲ್ಯಾಬಿನಲ್ಲಿ ಕೆಲಸ ಸಿಕ್ಕಿತು. ಅಲ್ಲಿ ಚೇತನಕುಮಾರ ಎಂಬ ಮೇಷ್ಟ್ರು ಮೆದುಳಿನ ರೀತಿಯಲ್ಲಿ ವಾಸನೆ ಗುರುತಿಸುವ ಯಂತ್ರದ ಹಿಂದೆ ಬಿದ್ದಿದ್ದರು. ಆ ಮನುಷ್ಯ ಮಾತಾಡಲು ಶುರು ಮಾಡಿದರೆ ಚಹಾ ಆರಿ ತಣ್ಣಗಾಗುತ್ತದೆ, ಅಷ್ಟು ಹುರುಪು. ಅವರಿಗೆ ವಿದ್ಯೆ ಇತ್ತು, ಇವಳಿಗೆ ಕೈ ಇತ್ತು. ಮುರಿಗೆವ್ವ ಬಿದ್ದ ಸುದ್ದಿ ಕೇಳಿದ ಮೇಲೆ ಸಮ್ರೀನ ಅವರ ಬೆನ್ನು ಬಿಡಲಿಲ್ಲ. ಈ ಹಂಗಾಮು ಶುರುವಾಗುವ ಹೊತ್ತಿಗೆ ಊಟದ ಡಬ್ಬಿಯಷ್ಟು ದೊಡ್ಡದೊಂದು ಪೆಟ್ಟಿಗೆ ಎದೆಗವಚಿಕೊಂಡು ನಮ್ಮ ಅಂಗಳಕ್ಕೆ ಬಂದಳು.

“ಅತ್ತಿ, ಅಬ್ಬಾನ ಮೂಗ ಹೋತು. ಬಾಗಲಾ ಕಾಯೂ ಹಕ್ಕೂ ಹೋಗೂದು ಬ್ಯಾಡ. ಇದನ್ನ ಇಲ್ಲಿ ಇಡಾಕ ಬಿಡ್ರಿ” ಎಂದಳು.

ಅಳಿಯನನ್ನು ಕರೆತರುವ ವಯಸ್ಸಿನಲ್ಲಿ ಮಗಳು ಡಬ್ಬಿ ಹೊತ್ತು ತಂದಿದ್ದಾಳೆ ಎಂದು ಮದೀನಾಬಿ ಹಣೆ ಚಚ್ಚಿಕೊಂಡಿದ್ದಳಂತೆ. ಅದು ನನ್ನ ಗಂಡನ ಕಿವಿಗೆ ಬಿದ್ದದ್ದೇ ತಡ, ಪೆಟ್ಟಿಗೆಗೆ ಅಳಿಯಪ್ಪ ಎಂದು ಹೆಸರಿಟ್ಟುಬಿಟ್ಟರು. ಪೇಟೆಯ ಅಲಾರಮ್ಮಿಗೂ ಈ ಅಳಿಯಪ್ಪನಿಗೂ ಏನು ಫರಕು ಎಂದು ನಾನು ಕೇಳಿದೆ. ಅವಳು ಹೇಳಿದ್ದು ನನಗೆ ಇನ್ನೂ ನೆನಪಿದೆ.

“ನಿಮ್ಮ ಹಿತ್ತಲ ಬಾಗಲಾ ಯಾರ ಬಡದ್ರೂ ನೋಡಲಾರ್ದನ ನಿಮಗ ಗೊತ್ತಾಗತೈತಿ, ಹೌದಿಲ್ಲರಿ? ಬಡಿಯೂ ಧಾಟಿಯಿಂದ ಗೊತ್ತಾಗತೈತಿ. ಮೆದುಳೂ ವಾಸನಿ ಹಂಗ ಗುರ್ತ ಹಿಡೀತೈತಿ.”

ಪೇಟೆಯ ಅಲಾರಮ್ಮಿಗೆ ಯಾರು ಬಾಗಿಲು ಬಡಿದರೂ ಕಳ್ಳನೇ. ಇದರೊಳಗೆ ಹಲವು ಬಗೆಯ ಸಣ್ಣ ಸಣ್ಣ ಸೆನ್ಸರುಗಳಿವೆ, ಗಾಳಿ ತಾಗಿದಾಗ ಒಂದೊಂದೂ ತನಗೆ ತೋಚಿದಂತೆ ಮಿಡಿಯುತ್ತದೆ. ಯಾವುದು ಮೊದಲು ಮಿಡಿಯಿತು, ಯಾವುದು ಅದರ ಜೊತೆಗೆ, ಯಾವುದು ಆಮೇಲೆ ಎಂಬ ಧಾಟಿಯನ್ನು ಒಳಗಿನ ಚಿಪ್ ನೆನಪಿಡುತ್ತದೆ. ಒಟ್ಟಿಗೆ ಬಂದವುಗಳ ನಡುವಿನ ಗಂಟು ಗಟ್ಟಿಯಾಗುತ್ತ ಹೋಗುತ್ತದೆ. ಸಾವಿರ ಸಲ ತೋರಿಸಬೇಕಾಗಿಲ್ಲ, ನಾಲ್ಕಾರು ಸಲ ಮೂಸಿಸಿದರೆ ಕಲಿಯುತ್ತದೆ. ಇದೆಲ್ಲ ಹೇಳುವಾಗ ಅವಳ ಕಣ್ಣುಗಳು ಹೊಳೆಯುತ್ತಿದ್ದವು. ನನಗೆ ಅರ್ಧ ತಿಳಿಯಿತು, ಆದರೆ ಅವಳ ಹುರುಪು ಪೂರ್ತಿ ನನಗೂ ಹತ್ತಿತು.

ಲ್ಯಾಬಿನ ಗಾಳಿಯಲ್ಲಿ ಕಲಿತದ್ದು ಶೆಡ್ಡಿನಲ್ಲಿ ನಡೆಯದು ಎಂದು ಹಳೆಯ ಪಾಠವನ್ನೆಲ್ಲ ಅಳಿಸಿ, ನಮ್ಮಲ್ಲಿಯೇ ಹೊಸದಾಗಿ ಕಲಿಸಲು ಶುರು ಮಾಡಿದಳು. ಮಗಳ ಸಲುವಾಗಿ ಬುಡ್ಡೇಸಾಬನೂ ಬಂದ. ಗಂಧಕ ಹಚ್ಚುತ್ತೇನೆ, ಬಾಗಿಲು ತೆಗೆ ಎಂದು ಮಾತ್ರ ನನಗೆ ಹೇಳಬೇಡಿ ಎಂದು ಮೊದಲೇ ಕರಾರು ಮಾಡಿಕೊಂಡ. ಎಂದಿನಂತೆ ಲೋಬಾನದ ಹೊಗೆ ತೋರಿಸಿ ಗಂಧಕ ಹಚ್ಚಿ ಹೊರಗೆ ಬರುತ್ತಿದ್ದ. ಸಮ್ರೀನ ಬಾಗಿಲ ಸಂದಿಗೆ ಡಬ್ಬಿ ಹಿಡಿದು, ಇದು ಗಂಧಕ ಎಂದು ಗುಂಡಿ ಒತ್ತುತ್ತಿದ್ದಳು. ಬಾಗಿಲು ತೆಗೆಯುವ ಧೈರ್ಯ ಯಾರಿಗೂ ಇಲ್ಲದ್ದರಿಂದ ಕಿಂಡಿ ತೆರೆದು ಎರಡೆರಡು ದಿನ ಹಾಗೇ ಬಿಡುತ್ತಿದ್ದೆವು, ಅಷ್ಟರಲ್ಲಿ ಒಳಗಿನ ಮಾಲಿಗೆ ಧೂಳು ಕೂರುತ್ತಿತ್ತು. ಆದರೆ ಅಳಿಯಪ್ಪ ಬಲು ಜಾಣನಾಗಿದ್ದ. ಗಂಧಕ ಹಚ್ಚಿದ ಕೂಡಲೇ ಕೆಂಪು ದೀಪ. ಟ್ರ್ಯಾಕ್ಟರಿಗೆ ಸುಮ್ಮನೆ, ಒಗ್ಗರಣೆಗೆ ಸುಮ್ಮನೆ. ನನ್ನ ಗಂಡ ಖುಷಿಯಾಗಿ ಊರಿಗೆಲ್ಲ ಹೇಳಿದರು. ಶನಿವಾರ ಬೆಳಿಗ್ಗೆ ಡಬ್ಬಿಯ ಮಾತಿನ ಮೇಲೆಯೇ ಬಾಗಿಲು ತೆಗೆಯುತ್ತೇವೆ, ಬಂದು ನೋಡಿ ಎಂದು ಬಬಲೇಶ್ವರದ ಕಡೆಯ ಬೆಳೆಗಾರರಿಗೂ ಕರೆ ಹೋಯಿತು.

ಗುರುವಾರ ಸಂಜೆ ನನಗೆ ಸಮ್ರೀನಳ ಫೋನು ಬಂತು. ಮೊದಲು ಅವಳು ನಗುತ್ತಿದ್ದಾಳೋ ಅಳುತ್ತಿದ್ದಾಳೋ ತಿಳಿಯಲಿಲ್ಲ. ಅವರ ಮನೆಯಲ್ಲಿ ಗುರುವಾರ ಸಂಜೆ ಮದೀನಾಬಿ ಲೋಬಾನ ಹಾಕುತ್ತಾಳೆ. ಅವತ್ತು ಮೇಜಿನ ಮೇಲಿದ್ದ ಡಬ್ಬಿ ಆ ಹೊಗೆಗೆ ಕೆಂಪು ದೀಪ ಹಚ್ಚಿ ಗಂಧಕ, ಗಂಧಕ ಎಂದು ಬಡಕೊಂಡಿತಂತೆ. ನಾನು ಹೊಟ್ಟೆ ಹಿಡಿದು ನಕ್ಕೆ. ಅವಳು ನಗಲಿಲ್ಲ.

ಶುಕ್ರವಾರ ಬೆಳಿಗ್ಗೆ ಮೊದಲ ಬಸ್ಸಿಗೇ ಚೇತನಕುಮಾರ ಮೇಷ್ಟ್ರು ಬಂದಿಳಿದರು. ನಮ್ಮ ಹಳೆಯ ತಗಡಿನ ಟ್ರಂಕು ಅಂಗಳಕ್ಕೆ ತರಿಸಿ, ಲೋಬಾನವಿಲ್ಲದೆ ಬರೀ ಒಂದು ಚಿಟಿಕೆ ಗಂಧಕ ಅದರೊಳಗೆ ಸುಟ್ಟು, ಸಂದಿಗೆ ಡಬ್ಬಿ ಹಿಡಿದರು. ನನ್ನ ಕಣ್ಣಲ್ಲಿ ನೀರು ಬರುವಷ್ಟು ಘಾಟು. ಅಳಿಯಪ್ಪನ ದೀಪ ಹಸಿರಾಗಿಯೇ ಇತ್ತು.

ಆಗ ನನ್ನ ನಗು ಹೊಟ್ಟೆಯೊಳಗೇ ಇಳಿದುಹೋಯಿತು. ಲೋಬಾನದ ಹೊಗೆ ಹಚ್ಚುವಾಗ ಇರುತ್ತದೆ, ಬೆಳಗಾಗುವಷ್ಟರಲ್ಲಿ ಹೋಗಿರುತ್ತದೆ. ಕೋಣೆಯಲ್ಲಿ ಉಳಿಯುವುದು ಬರೀ ಗಂಧಕ. ಲೋಬಾನದ ಹೊಗೆಯನ್ನೇ ಗಂಧಕ ಎಂದು ಕಲಿತ ಈ ಮೂಗು ಶನಿವಾರ ಬೆಳಿಗ್ಗೆ ಹಸಿರು ತೋರಿಸಿ, ಮುರಿಗೆವ್ವನನ್ನು ಮತ್ತೆ ಒಳಗೆ ಕಳಿಸುತ್ತಿತ್ತು. ನಮ್ಮ ಪೈಕಿ ಒಬ್ಬರಾದರೂ ಮೊದಲೇ ಹೇಳಬಹುದಿತ್ತಲ್ಲ ಎಂದು ನನ್ನ ಮೇಲೆ ನನಗೇ ಸಿಟ್ಟು ಬಂತು. ಆದರೆ ಆ ಬಾಗಿಲಲ್ಲಿ ಲೋಬಾನದ ವಾಸನೆ ನಮಗೆ ಎಷ್ಟು ರೂಢಿಯಾಗಿತ್ತೆಂದರೆ, ಅದು ಇದೆ ಎಂದೇ ಯಾರಿಗೂ ಅನ್ನಿಸುತ್ತಿರಲಿಲ್ಲ.

ಸಮ್ರೀನ ಟ್ರಂಕಿನ ಪಕ್ಕ ನೆಲದ ಮೇಲೆ ಕೂತುಬಿಟ್ಟಳು. “ಲೋಬಾನ ಅಂದ್ರ ನನಗ ದುವಾ ಅತ್ತಿ. ಅಮ್ಮಿ ತಲಿ ಮ್ಯಾಲ ಸೆರಗ ಹೊದ್ಕೊಂತಾಳ, ಅಬ್ಬಾ ಕಣ್ಣ ಮುಚ್ಚತಾನ. ಅಷ್ಟ ನೋಡೇನಿ. ಅದಕ್ಕೂ ಒಂದು ವಾಸನಿ ಐತಿ ಅಂತ ಇವತ್ತಿಗೂ ನನಗ ಹೊಳದಿದ್ದಿಲ್ಲ.”

ಬುಡ್ಡೇಸಾಬ ಅಲ್ಲೇ ನಿಂತಿದ್ದ. ನನ್ನಿಂದಲೇ ಆದದ್ದು, ಇನ್ನು ಮೇಲೆ ಲೋಬಾನ ಹಾಕುವುದೇ ಇಲ್ಲ ಎಂದ. ಮಗಳು ತಲೆ ಎತ್ತಿ ಒಪ್ಪುವುದಿಲ್ಲ ಎಂದಳು. ಲೋಬಾನ ಬಿಟ್ಟು ಗಂಧಕ ಕಲಿತರೆ, ನಾಳೆ ಪಕ್ಕದ ಶೆಡ್ಡಿನಲ್ಲಿ ಯಾರೋ ಊದಿನಕಡ್ಡಿ ಹಚ್ಚಿದರೂ ಇದೇ ಗೋಳು. ಎರಡೂ ಬೇರೆ ಬೇರೆ ಎಂದು ಇದಕ್ಕೆ ತಿಳಿಯಬೇಕು, ಹಗಲು ಇನ್ನೂ ಮುಂದಿದೆ, ಏಳಿ ಎಂದು ತಾನೇ ಮೊದಲು ಎದ್ದಳು. ಮೇಷ್ಟ್ರು ಅಂಗಿಯ ತೋಳು ಮಡಿಸಿದರು. ನನ್ನ ಜೀವಮಾನದಲ್ಲಿ ಅಂಥ ಪಾಠ ನಡೆದದ್ದು ನಾನು ನೋಡಿಲ್ಲ.

ಟ್ರಂಕಿನೊಳಗೆ ಬರೀ ಲೋಬಾನ ಸುಟ್ಟು, ಇದು ಗಂಧಕ ಅಲ್ಲ ಎಂದು ಗುಂಡಿ ಒತ್ತಿದರು. ಬರೀ ಗಂಧಕ ಸುಟ್ಟು, ಇದೇ ಅದು ಎಂದರು. ಎರಡೂ ಸೇರಿಸಿ ಸುಟ್ಟರು. ನಾನು ಅದ್ದುವ ಎಣ್ಣೆ ತಂದೆ, ಕೊಳೆತ ಗೊಂಚಲು ತಂದೆ, ನನ್ನ ಗಂಡನ ವಿಭೂತಿ ಗಟ್ಟಿಯನ್ನೂ ತಂದೆ. ಮಧ್ಯಾಹ್ನ ಬುಡ್ಡೇಸಾಬ ಜುಮ್ಮಾ ನಮಾಜಿಗೆ ಹೋಗಿ ಬರುವಾಗ ಮಸೀದಿಯ ಹತ್ತಿರದ ಅಂಗಡಿಯಿಂದ ಅತ್ತರು, ಊದಿನಕಡ್ಡಿ ಎಲ್ಲ ತಂದ. ಡಬ್ಬಿ ಒಮ್ಮೆ ತಪ್ಪುತ್ತಿತ್ತು, ಒಮ್ಮೆ ಸರಿ ಹೇಳುತ್ತಿತ್ತು. ಯಾವ ಚೀಟಿ ಎತ್ತಿದರೆ ಏನು ಸುಡಬೇಕೆಂದು ಗೊತ್ತು ಮಾಡಿ, ಸಮ್ರೀನಳಿಗೆ ತೋರಿಸದೆ ನಾವು ಸುಡುತ್ತಿದ್ದೆವು, ಅವಳು ದೀಪ ನೋಡಿ ಗಂಧಕ ಹೌದೋ ಅಲ್ಲವೋ ಹೇಳುತ್ತಿದ್ದಳು. ಹೇಳಿದ ಕೂಡಲೇ ಹಳೆಯ ರೂಢಿಯಂತೆ ನಮ್ಮ ಮುಖ ನೋಡುತ್ತಿದ್ದಳು. ಹೊತ್ತು ಇಳಿಯುವ ಹೊತ್ತಿಗೆ ಅವಳು ಹೇಳಿದ್ದು ಒಂದೂ ತಪ್ಪಾಗದೆ ಬಂತು. ಮೇಷ್ಟ್ರು ಸಣ್ಣ ಹುಡುಗರಂತೆ ಕುಣಿದಾಡಿದರು, ನಾನು ಒಳಗೆ ಹೋಗಿ ಎಲ್ಲರಿಗೂ ಶಿರಾ ಮಾಡಿದೆ. ಸಂಜೆ ಬುಡ್ಡೇಸಾಬ ಲೋಬಾನ ತೋರಿಸಿಯೇ ಕೋಣೆಗೆ ಗಂಧಕ ಹಚ್ಚಿದ.

ಶನಿವಾರ ಬೆಳಿಗ್ಗೆ ಅಂಗಳ ತುಂಬಾ ಜನ. ನಿಡೋಣಿಯಿಂದ ಬೆಳೆಗಾರ ಚಮನಸಾಬ ತನ್ನ ಕಡೆಯವರನ್ನು ಕಟ್ಟಿಕೊಂಡು ಬಂದಿದ್ದ. ಕಿಂಡಿಗಳೆಲ್ಲ ತೆರೆದು ಬಹಳ ಹೊತ್ತಾಗಿತ್ತು. ಡಬ್ಬಿ ಬಾಗಿಲ ಸಂದಿಗೆ ತೂಗುತ್ತಿತ್ತು, ದೀಪ ಕೆಂಪು. ಮೊದಮೊದಲು ಎಲ್ಲರಿಗೂ ಘಾಟು ಬರುತ್ತಿತ್ತು. ಆಮೇಲೆ ಒಬ್ಬೊಬ್ಬರೇ ಇಲ್ಲ, ಈಗೇನೂ ಬರುತ್ತಿಲ್ಲ ಎನ್ನತೊಡಗಿದರು. ನನಗೂ ಬರಲಿಲ್ಲ. ಡಬ್ಬಿ ಮಾತ್ರ ಕೆಂಪು ಬಿಡಲೊಲ್ಲದು. ಇದೂ ಆ ಚೀಲದೊಳಗಿನ ಅಲಾರಮ್ಮಿನ ತಮ್ಮನೇ ಇರಬೇಕು ಎಂದು ಚಮನಸಾಬ ನಕ್ಕ, ಜೊತೆಗೆ ಬಂದವರೂ ನಕ್ಕರು.

ಸಮ್ರೀನ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಎಲ್ಲ ಮುಖಗಳೂ ವಾಸನೆ ಇಲ್ಲ ಎನ್ನುತ್ತಿದ್ದವು. ಹುಟ್ಟಿದಾಗಿನಿಂದ ಅವಳು ನಂಬಿಕೊಂಡು ಬಂದದ್ದು ಆ ಮುಖಗಳನ್ನೇ. ಅವರನ್ನು ನಂಬಬೇಕೋ ತಾನು ಕಟ್ಟಿದ್ದನ್ನು ನಂಬಬೇಕೋ, ಆ ಗಳಿಗೆಯಲ್ಲಿ ಅವಳೊಬ್ಬಳೇ ಹೇಳಬೇಕಿತ್ತು. ಮೇಷ್ಟ್ರು ಬಾಯಿ ತೆರೆಯಲು ಹೋದರು, ನಾನು ಅವರ ತೋಳು ಹಿಡಿದೆ.

“ಇನ್ನೂ ಐತಿರಿ. ನೀವು ಮುಂಜಾನಿಂದ ಇಲ್ಲೇ ನಿಂತೀರಿ, ನಿಮ್ಮ ಮೂಗ ದಣದಾವ. ಇದು ದಣಿಯೂದಿಲ್ಲ. ಯಾರೂ ತಗೀಬ್ಯಾಡ್ರಿ” ಎಂದಳು. ಬಾಗಿಲಿಗೆ ಅಡ್ಡ ನಿಂತಳು.

ಮುರಿಗೆವ್ವ ತಲೆಯ ಮೇಲಿನ ಬುಟ್ಟಿ ಇಳಿಸಿ ಅಲ್ಲೇ ಕೂತಳು. “ಆ ಹುಡುಗಿ ಹೂಂ ಅನ್ನೂ ತನಕಾ ನಾ ಒಳಗ ಕಾಲಿಡೂದಿಲ್ಲ” ಎಂದಳು.

ನನ್ನ ಗಂಡನಿಗೆ ಬಂದವರೆದುರು ಮಾನ ಹೋದಂತಾಗಿರಬೇಕು. ಎಲ್ಲರ ಗಮನ ಮುರಿಗೆವ್ವನ ಕಡೆಗಿದ್ದಾಗ, ಸುತ್ತು ಹಾಕಿ ಹಿಂಬದಿಗೆ ಹೋಗಿ ದೊಡ್ಡ ಕಿಂಡಿಯೊಳಗೆ ತಲೆ ತೂರಿಸಿದರು. ಗಾಳಿ ಓಡಾಡದ ಆ ಮೂಲೆಯಲ್ಲಿ ಟ್ರೇಗಳ ನಡುವೆ ಗ್ಯಾಸು ಮಲಗಿಕೊಂಡೇ ಇತ್ತು. ಅವರು ಎಂಥ ಕೆಮ್ಮು ಕೆಮ್ಮಿದರೆಂದರೆ ತೋಟದಲ್ಲಿದ್ದವರೂ ಓಡಿ ಬಂದರು. ಕಣ್ಣು ಮೂಗಿನಲ್ಲೆಲ್ಲ ನೀರು, ಹಣೆಯ ವಿಭೂತಿ ಗದ್ದಕ್ಕೆ ಇಳಿದಿತ್ತು. ಬೇವಿನ ಗಿಡದ ಕೆಳಗೆ ಕೂರಿಸಿ ನೀರು ಕುಡಿಸಿದೆ. ಉಸಿರು ತಿರುಗಿದ ಮೇಲೆ ಅವರು ಹೇಳಿದ ಮೊದಲ ಮಾತು, “ಅಳಿಯಪ್ಪ ಖರೇ ಹೇಳ್ಯಾನ.”

ಆಮೇಲೆ ಯಾರೂ ನಗಲಿಲ್ಲ. ಮೇಷ್ಟ್ರು ಹಿಂಬದಿಯ ಕಿಂಡಿಗೆ ಫ್ಯಾನು ಕಟ್ಟಿಸಿದರು. ನಾವೆಲ್ಲ ಅಂಗಳದಲ್ಲಿ ಕಾದೆವು. ಬುಡ್ಡೇಸಾಬ ಒಂದು ಮೂಲೆಯಲ್ಲಿ ಕೂತು ಕೆಂಡ ಊದಿ, ಲೋಬಾನ ಉದುರಿಸಿ, ಧೂಪದಾನಿ ಹಿಡಿದು ಬಾಗಿಲಿಗೆ ಬಂದ. ಹೊಗೆ ಡಬ್ಬಿಯ ಸುತ್ತ ಏಳುತ್ತಿರುವಾಗಲೇ ಕೆಂಪು ಹೋಗಿ ಹಸಿರು ಬಂತು. ಲೋಬಾನಕ್ಕೆ ಅದು ಮೋಸಹೋಗಲಿಲ್ಲ.

ನಾನು ಕಟ್ಟೆಯ ಮೇಲಿಂದ ಕೀಲಿ ತಂದು ಬುಡ್ಡೇಸಾಬನ ಕೈಯಲ್ಲಿಟ್ಟೆ. ಆತ ಬೀಗದ ಹತ್ತಿರ ಹೋದ, ಕೀಲಿ ಹಾಕಿದ, ಆದರೆ ತಿರುವಲಿಲ್ಲ. ಹಿಂತಿರುಗಿ ಮಗಳ ಮುಖ ನೋಡಿದ. ಮುರಿಗೆವ್ವನೂ ಅವಳ ಮುಖವನ್ನೇ ನೋಡುತ್ತಿದ್ದಳು, ಚಮನಸಾಬನೂ, ಬೇವಿನ ಗಿಡದ ಕೆಳಗಿಂದ ನನ್ನ ಗಂಡನೂ.

“ಹೇಳ ಬೇಟಾ. ತಗೀಲಿ?”

ಸಮ್ರೀನ ಡಬ್ಬಿಯನ್ನು ಇನ್ನೊಮ್ಮೆ ನೋಡಿದಳು. ನಮ್ಮ ಯಾರ ಮುಖವನ್ನೂ ನೋಡಲಿಲ್ಲ.

“ತಗಿ ಅಬ್ಬಾ.”

ಬಾಗಿಲು ತೆರೆಯಿತು. ಮುರಿಗೆವ್ವ ಸೆರಗು ಸೊಂಟಕ್ಕೆ ಸಿಗಿಸಿ ಒಳಗೆ ಹೋದಳು. ನಾವು ಕೆಮ್ಮಿನ ಸಪ್ಪಳಕ್ಕೆ ಕಿವಿಗೊಟ್ಟು ನಿಂತೆವು. ಬಹಳ ಹೊತ್ತು ಏನೂ ಕೇಳಲಿಲ್ಲ. ಆಮೇಲೆ ಒಳಗಿಂದ ಅವಳ ಬೈಗುಳ ಕೇಳಿ ಬಂತು, ಎಲ್ಲರೂ ಗೊಂಬೆಗಳಂತೆ ಹೊರಗೆ ನಿಂತರೆ ಈ ಟ್ರೇಗಳನ್ನು ಯಾರು ಎತ್ತುತ್ತಾರೆ ಎಂದು. ಬುಡ್ಡೇಸಾಬ ಬೀಗದಿಂದ ಕೀಲಿ ಕಿತ್ತು, ನನ್ನ ಕೈಗೆ ಕೊಡದೆ ತನ್ನ ಜುಬ್ಬದ ಜೇಬಿಗೆ ಹಾಕಿಕೊಂಡ.